ನಾಲ್ಕನೆಯ ಪ್ರಶಸ್ತಿ

೨೦೧೮ರ ಫೆಬ್ರವರಿ ೧೧, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಳಿನಾಕ್ಷಿ ನನ್ನ ಮನೆಗೆ ಬಂದಳು. ನಾಟಕ, ಸಿನಿಮಾ, ಧಾರಾವಾಹಿ ಮೂರರಲ್ಲೂ ಅತ್ಯುನ್ನತ ಪ್ರಶಸ್ತಿ ಗೆದ್ದ ನಟಿ. ಉಳಿದದ್ದು ಸಂಗೀತದ್ದೊಂದೇ. ಅದಕ್ಕೆ ಉಳಿದಿಬ್ಬರು ತೀರ್ಪುಗಾರರು ಅಂಕ ಕೊಟ್ಟಾಗಿತ್ತು, ನನ್ನದಷ್ಟೇ ಬಾಕಿ.

ಮೂವತ್ತು ವರ್ಷದ ಹಿಂದೆ ನಾಟಕ ಕಂಪನಿಯಲ್ಲಿ ನಾನು ಪರದೆಯ ಹಿಂದೆ ನಿಂತು ಹಾಡುತ್ತಿದ್ದೆ, ಅವಳು ಮುಂದೆ ತುಟಿ ಆಡಿಸುತ್ತಿದ್ದಳು. ಜನ ಅವಳೇ ಹಾಡುತ್ತಾಳೆಂದು ನಂಬಿದ್ದರು. ಕರಪತ್ರದಲ್ಲಿ ನನ್ನ ಹೆಸರೂ ಇರಲಿ ಎಂದು ಕೇಳಿದ್ದಕ್ಕೆ, ಮಾಲೀಕರಿಗೆ ಹೇಳಿ ನನ್ನನ್ನು ಓಡಿಸಿದ್ದಳು.

"ಹಳೇದನ್ನ ಮನಸ್ಸಲ್ಲಿಟ್ಕೊಂಡು ಅಂಕ ಕತ್ತರಿಸಬೇಡಿ ಅಕ್ಕಾ."

"ನೀನು ಕಳಿಸಿದ ಧ್ವನಿಮುದ್ರಿಕೆಯಲ್ಲಿ ಹಾಡಿರೋದು ಯಾರೇ?"

ಅವಳು ನಕ್ಕಳು. "ನಿಮ್ಮ ಥರದವಳೇ ಒಬ್ಬಳು. ಸಾಕ್ಷಿ ಇದೆಯಾ?"

"ಇಲ್ಲ."

"ಮತ್ತೆ? ಪ್ರಶಸ್ತಿ ತಗೊಳ್ಳೋ ದಿನ ಏನುಟ್ಟರೆ ಚೆಂದ, ಅದನ್ನ ಹೇಳಿ. ವೇದಿಕೆ ಮೇಲೆ ಕೈಮುಗಿದು ಎರಡು ಮಾತಾಡೋದು ನಂಗೇನು ಹೊಸದಲ್ಲ."

ಸಿನಿಮಾದವರಿಗೆ ನಮ್ಮ ಸಂಗೀತ ಸಭೆಯ ಪದ್ಧತಿ ಗೊತ್ತಿರುವುದಿಲ್ಲ. ಇಲ್ಲಿ ಗೆದ್ದವರು ಭಾಷಣ ಮಾಡುವುದಿಲ್ಲ. ಬರೀ ತಂಬೂರಿ ಇಟ್ಟುಕೊಂಡು ಎರಡು ಸಾವಿರ ಕೇಳುಗರೆದುರು ಒಂದು ಗಂಟೆ ಹಾಡಬೇಕು. ಪ್ರಶಸ್ತಿ ಫಲಕ ಕೈಸೇರುವುದು ಆಮೇಲೆ.

ನಾನು ಅದನ್ನು ಹೇಳಲಿಲ್ಲ. "ರೇಷ್ಮೆ ಸೀರೆ ಉಡು" ಎಂದೆ.

ಅವಳು ಹೋದ ಮೇಲೆ ಅಂಕಪಟ್ಟಿ ತೆಗೆದು ಅವಳ ಹೆಸರಿನ ಮುಂದೆ ಬರೆದೆ: ನೂರಕ್ಕೆ ನೂರು.