ಅತ್ತೆ ಎತ್ತಿಕೊಂಡ ಬದನೆಕಾಯಿ

ಟೋಕಿಯೆಯ ಊಟದ ಕಡ್ಡಿಗಳು ಮೇಜಿನಾಚೆಯಿಂದ ಚಾಚಿಬಂದು ಸೊಸೆ ಚಿಜುರುವಿನ ತಟ್ಟೆಯಲ್ಲಿದ್ದ ಸುಟ್ಟ ಬದನೆಕಾಯಿಯನ್ನು ಎತ್ತಿಕೊಂಡವು. ಪಕ್ಕದಲ್ಲೇ ಮಗ ಶೂಹೇ ತನ್ನ ಪಾಲಿನದನ್ನು ಚಪ್ಪರಿಸುತ್ತಿದ್ದ. ಅದನ್ನು ಟೋಕಿಯೆ ಮುಟ್ಟಲಿಲ್ಲ.

ಚಿಜುರುವಿಗೆ ಮೈ ಉರಿಯಿತು. ಮೊನ್ನೆ ಸೌತೆಕಾಯಿ, ನಿನ್ನೆ ಪರ್ಸಿಮನ್ ಹಣ್ಣು, ಇವತ್ತು ಇದು. ಕೇಳಿದರೆ ಕಾಲಕ್ಕೆ ತಕ್ಕ ಊಟ ಎಂಬ ಉಪದೇಶ ಬೇರೆ. ಹೋದ ವರ್ಷ ಬಸಿರು ನಿಲ್ಲದೆ ಹೋದಾಗಿನಿಂದ ಅತ್ತೆಗೆ ತಾನು ತಿನ್ನುವ ತುತ್ತೂ ದಂಡವೆನಿಸಿದೆ ಎಂದೇ ಅವಳ ಗುಮಾನಿ. ಅದಕ್ಕೇ ಈಗ ಮತ್ತೆ ಬಸಿರಾಗಿರುವುದನ್ನು ಗಂಡನಿಗೂ ಬಾಯಿಬಿಟ್ಟಿರಲಿಲ್ಲ.

"ಒಂದು ಬದನೆಕಾಯಿಗೂ ನನಗೆ ಯೋಗ್ಯತೆ ಇಲ್ವಾ ಅತ್ತೆ?"

"ಚಳಿ ಶುರುವಾಗೋ ಹೊತ್ತಲ್ಲಿ ಬದನೆ ಮೈಗೆ ಶೀತ ಕಣೇ."

"ನಿಮ್ಮ ಮಗನಿಗೆ ಆಗಲ್ವಾ ಶೀತ?"

"ಅವನೇನು ಹೆರಬೇಕಾ?"

ಶೂಹೇಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಟೋಕಿಯೆ ಬಿಸಿ ಕುಂಬಳಕಾಯಿಯ ಬಟ್ಟಲನ್ನು ಅವಳ ಮುಂದಕ್ಕೆ ಸರಿಸಿದಳು.

"ಹುಳಿ ಪ್ಲಮ್ ಉಪ್ಪಿನಕಾಯಿ ಭರಣಿ ದಿನಾ ಇಳೀತಿರೋದು ನನಗೆ ಕಾಣಲ್ವಾ? ನೀನಾಗೇ ಹೇಳ್ತೀಯ ಅಂತ ಸುಮ್ಮನಿದ್ದೆ. ತಿನ್ನು, ಆರಿಹೋಗುತ್ತೆ. ಈ ಸಲ ಉಳಿಸಿಕೊಳ್ಳೋಣ."