ಒಂಬತ್ತು ಗಂಟೆಯ ಬೀಗ

ಒಂಬತ್ತು ಗಂಟೆ ಒಂದು ನಿಮಿಷ. ಅದೇ ಖಾತೆಗೆ ಮತ್ತೆ ಮೂರು ಸಲ ತಪ್ಪು ಪಾಸ್‌ವರ್ಡ್ ಬಿತ್ತು. ಖಾತೆಗೆ ಬೀಗ. ಹತ್ತು ದಿನದಿಂದ ಇದೇ ಆಟ.

“ಎಲಾ ಕಳ್ಳ! ಸಿಗು, ನಿನಗೈತೆ ಹಬ್ಬ” ಎಂದು ಬೀಗದಮ್ಮ ಪರದೆಯ ಮುಂದೆ ಹಲ್ಲು ಕಡಿದಳು.

ಜನನ ಪತ್ರದಿಂದ ಹಿಡಿದು ಪ್ರಯಾಣದ ಅನುಮತಿವರೆಗೆ ಸರ್ಕಾರದ ಸೇವೆಗಳೆಲ್ಲ ಒಂದೇ ಕಡೆ ಸಿಗುವ ಆನ್‌ಲೈನ್ ತಾಣ ಅದು. ಅದರ ಭದ್ರತೆ ಅವಳ ಹೊಣೆ. ಮೂರು ಸಲ ಪಾಸ್‌ವರ್ಡ್ ತಪ್ಪಿದರೆ ಮರುದಿನ ಬೆಳಿಗ್ಗೆ ಒಂಬತ್ತರವರೆಗೆ ಖಾತೆ ಯಾರಿಗೂ ತೆರೆಯಬಾರದು ಎಂಬ ನಿಯಮ ತಂದವಳೂ ಅವಳೇ. ಅದಕ್ಕೇ ಕಚೇರಿಯವರು ಬೀಗದಮ್ಮ ಎಂದು ಹೆಸರಿಟ್ಟಿದ್ದರು. ಖಾತೆದಾರರ ಹೆಸರು, ಫೋಟೊ ಭದ್ರತಾ ವಿಭಾಗದ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟವಳು ಕೂಡ ಅವಳೇ. ಅವಳಿಗೆ ಕಾಣುವುದು ಬರೀ ಒಂದು ಸಂಖ್ಯೆ.

ಪಕ್ಕದ ಮೇಜಿನಲ್ಲಿ ಕೂತು ತಾಣದ ಪುಟಗಳ ವಿನ್ಯಾಸ ಮಾಡುತ್ತಿದ್ದ ಹಿರಿಯ ಸಹೋದ್ಯೋಗಿ ಕುರ್ಚಿ ಎಳೆದುಕೊಂಡು ಬಂದು ಇಣುಕಿದ.

“ವಿಚಿತ್ರ ಕಳ್ಳ ಕಣಮ್ಮ. ಮೂರೇ ಸಲ ಒತ್ತಿ ಎದ್ದು ಹೋಗ್ತಾನೆ. ಒಳಗೆ ಬರೋ ಆಸೇನೇ ಇಲ್ವಲ್ಲ!”

“ಆಸೆ ಇಲ್ಲ, ಹಗೆ ಇದೆ. ತಾನೂ ತಿನ್ನಲ್ಲ, ತಿನ್ನೋರಿಗೂ ಬಿಡಲ್ಲ ಅನ್ನೋ ಜಾತಿ” ಎಂದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಆ ಖಾತೆಯ ಹಿಂದೆ ಒಂದು ಮಗುವಿತ್ತು. ಹಿಂದಿನ ದಿನ ಮಗುವಿನ ಅಪ್ಪ ದೂರು ತಂದಿದ್ದ. ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ಜೊತೆಗೆ ಆರು ವರ್ಷದ ಮಗಳು. ಅಪ್ಪನಿಗಿಂತ ಮೊದಲೇ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದು, ಸಾಲು ಕುರ್ಚಿಗಳ ನಡುವೆ ಹುಡುಕಾಡಿದ್ದಳು.

“ಅಪ್ಪ, ಅಮ್ಮ ಇಲ್ಲೂ ಇಲ್ವಾ?”

“ಅಮ್ಮಂಗೆ ಹುಷಾರಿಲ್ಲ ಕಂದ, ಮಲಗಿದ್ದಾಳೆ” ಎಂದು ಅಪ್ಪ ತಲೆ ಸವರಿ, ಬೀಗದಮ್ಮನ ಕಡೆ ತಿರುಗಿದ. “ಇವಳ ಎದೇಲಿ ತೊಂದರೆ ಮೇಡಂ. ಹೊರದೇಶದಲ್ಲಿ ಆಪರೇಷನ್. ನಾಳೆ ಹತ್ತೂವರೆಗೆ ವಿಮಾನ. ತಾಯಿಯ ಒಪ್ಪಿಗೆ ಪತ್ರ ಇಲ್ಲದೆ ಮಗೂನ ಕರ್ಕೊಂಡು ಹೋಗೋಕೆ ಬಿಡಲ್ಲ. ಅದನ್ನ ತುಂಬೋಕೆ ಅವಳ ಖಾತೆ ತೆರೀಬೇಕು. ನಾಲ್ಕು ಪುಟದಲ್ಲಿ ಒಂದು ಮುಗಿಸೋದ್ರೊಳಗೆ ಯಾರೋ ಬೀಗ ಬೀಳಿಸಿಬಿಡ್ತಾರೆ. ನಮ್ಮ ಮೇಲೆ ಯಾರಿಗೆ ಏನು ಹೊಟ್ಟೆಕಿಚ್ಚೋ!”

ಬೀಗದಮ್ಮ ಮಗುವನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಆದರೂ ನಿಯಮ ನಿಯಮವೇ. ಖಾತೆದಾರರ ಫೋನಿಗೆ ಓಟಿಪಿ ಕಳಿಸಿದಳು. ಅವನು ಜೇಬಿನಿಂದ ಹೆಂಡತಿಯ ಫೋನು ತೆಗೆದು ಆರೂ ಅಂಕಿ ಓದಿ ಹೇಳಿದ. ಗಂಡಂದಿರು ಹೆಂಡತಿಯರ ಅರ್ಜಿ ತುಂಬುವುದು ಆ ಕಚೇರಿಯಲ್ಲಿ ದಿನದ ಮಾತು. ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ.

“ನಾಳೆ ಒಂಬತ್ತಕ್ಕೆ ವಿಮಾನ ನಿಲ್ದಾಣದಲ್ಲಿ ಕೂತೇ ತುಂಬಿ. ಯಾರು ಅಡ್ಡ ಬರ್ತಾರೋ ನಾನು ನೋಡ್ಕೋತೀನಿ” ಎಂದು ಮಾತು ಕೊಟ್ಟಿದ್ದಳು. ಈಗ ನೋಡಿದರೆ ಅವಳ ಕಣ್ಣೆದುರೇ ಬೀಗ ಬಿದ್ದಿತ್ತು.

ಕಳ್ಳ ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುವವಳು. ತಪ್ಪು ಪಾಸ್‌ವರ್ಡ್ ಬಂದ ಜಾಗವನ್ನು ಪತ್ತೆ ಹಚ್ಚಿದಳು. ಎರಡು ಬೀದಿ ಆಚೆಯ ಸಾರ್ವಜನಿಕ ಗ್ರಂಥಾಲಯ. ಅಲ್ಲಿನ ಕಂಪ್ಯೂಟರುಗಳಿಂದ ಆ ಖಾತೆಗೆ ದಾರಿಯೇ ಇಲ್ಲದಂತೆ ಮಾಡಿದಳು. ತನ್ನ ಅಧಿಕಾರ ಬಳಸಿ ಬೀಗ ತೆಗೆದಳು. ನಿಲ್ದಾಣದಲ್ಲಿದ್ದ ಅಪ್ಪನಿಗೆ ಫೋನ್ ಮಾಡಿ, “ಈಗ ತುಂಬಿ” ಎಂದಳು. ಚಪ್ಪಲಿ ಮೆಟ್ಟಿ ಗ್ರಂಥಾಲಯಕ್ಕೆ ಓಡಿದಳು.

ಪತ್ರಿಕೆ ಓದುವ ಇಬ್ಬರು ಮುದುಕರು, ಮೂಲೆಯಲ್ಲಿ ಮೂರು ಕಂಪ್ಯೂಟರು. ನಡುವಿನದರ ಮುಂದೆ ಒಬ್ಬ ಹೆಂಗಸು. ಮಾಸಿದ ಸ್ವೆಟರ್, ತಲೆಗೆ ಎಣ್ಣೆ ಕಂಡು ವಾರವಾಗಿರಬೇಕು. ಪರದೆಯ ಮೇಲೆ ಬೀಗದಮ್ಮನದೇ ತಾಣ! ಕುಂಬಳಕಾಯಿ ಕಳ್ಳ ಸಿಕ್ಕಿಬಿದ್ದಿದ್ದ. ಕಳ್ಳನಲ್ಲ, ಕಳ್ಳಿ.

ಬೀಗ ಬಿದ್ದದ್ದು ಖಾತ್ರಿಯೇ ಎಂದು ಹೆಂಗಸು ಮತ್ತೆ ಪಾಸ್‌ವರ್ಡ್ ಒತ್ತಿ ನೋಡುತ್ತಿದ್ದಳು. ‘ಈ ಕಂಪ್ಯೂಟರಿನಿಂದ ಪ್ರವೇಶವಿಲ್ಲ’ ಎಂದು ಬಂತು. ಹೆಂಗಸು ಗಾಬರಿಯಿಂದ ಪಕ್ಕದ ಕಂಪ್ಯೂಟರಿಗೆ ಹಾರಿದಳು. ಅಲ್ಲೂ ಅದೇ. ಮೂರನೆಯದಕ್ಕೆ ಹೋದಳು. ಒದ್ದಾಡಲಿ, ಎಂದುಕೊಂಡಳು ಬೀಗದಮ್ಮ. ಹತ್ತು ದಿನ ಒಂದು ಮಗುವಿನ ಜೀವದ ಜೊತೆ ಆಟ ಆಡಿದ್ದಕ್ಕೆ ಇಷ್ಟಾದರೂ ಆಗಲಿ.

ಅಷ್ಟರಲ್ಲಿ ವಿನ್ಯಾಸಕಾರನ ಫೋನು ಬಂತು. “ಒಪ್ಪಿಗೆ ಪತ್ರ ಬಂತು ಕಣಮ್ಮ. ಪ್ರಯಾಣದ ಅನುಮತಿನೂ ಕೊಟ್ಟಾಯ್ತು. ಅವರಿನ್ನು ಹೊರಟ ಹಾಗೇ.”

ಸಂತೋಷಕ್ಕೆ ಬೀಗದಮ್ಮನ ಕಣ್ಣು ತುಂಬಿದವು. ಕೆಲಸಕ್ಕೆ ಸೇರಿದ ಮೇಲೆ ಇಂಥ ಪುಣ್ಯದ ಕೆಲಸ ಮಾಡಿರಲಿಲ್ಲ. ಕಣ್ಣೊರೆಸಿಕೊಂಡು, ಗುರುತಿನ ಚೀಟಿ ಹಿಡಿದು ಎದುರು ನಿಂತಳು.

“ಸಾಕು ನಿಲ್ಸಮ್ಮ. ಬೇರೆಯವರ ಖಾತೆಗೆ ಬೀಗ ಬೀಳಿಸೋಕೆ ನಾಚಿಕೆ ಆಗಲ್ವಾ?”

ಹೆಂಗಸು ಚೀಟಿ ನೋಡಿದಳು. ಹೆದರಲಿಲ್ಲ. ಬದಲಿಗೆ ದೇವರೇ ಸಿಕ್ಕ ಹಾಗೆ ಅವಳ ಎರಡೂ ಕೈ ಹಿಡಿದುಕೊಂಡಳು.

“ಆ ಕಚೇರಿಯವರಾ ನೀವು? ನಿಮ್ಮಲ್ಲಿಗೆ ನಾಲ್ಕು ಸಲ ಬಂದೆ ಮೇಡಂ. ಫೋನಿಗೆ ಬಂದ ನಂಬರ್ ಹೇಳು, ಇಲ್ಲದಿದ್ರೆ ನೀನು ಯಾರು ಅಂತ ನಂಬಲ್ಲ ಅಂದ್ರು. ಪೊಲೀಸರು ಗಂಡ ಹೆಂಡತಿ ಜಗಳ ಅಂದ್ರು. ಕೊನೆಗೆ ಈ ಬೀಗ ಒಂದೇ ನನ್ನ ಕೈಗೆ ಸಿಕ್ಕಿದ್ದು. ಇನ್ನೊಂದು ಸಲ ಹಾಕಿ ಕೊಡಿ ಮೇಡಂ, ಇವತ್ತೊಂದಿನ.”

“ಯಾರ ಖಾತೆ ಇದು?” ಎಂದಳು ಬೀಗದಮ್ಮ.

“ನಂದೇ ಮೇಡಂ. ಗಂಡ ಫೋನ್ ಕಿತ್ಕೊಂಡು ನನ್ನನ್ನ ಮನೆಯಿಂದ ಆಚೆ ಹಾಕಿದ್ರು, ಮಗಳು ಇನ್ನೂ ಅವರ ಹತ್ರಾನೇ ಇದ್ದಾಳೆ.”