ಕಿಟಕಿ ಬದಿಯ ಕೊಕ್ಕೆ

"ಸರ್, ಈ ಹುಕ್ಕನ್ನು ಎಂತ ಮಾಡುವುದು? ಕೆಳಗೆ ಬಿಡುವುದಾ, ಸೀಲಿಂಗಿನ ಒಳಗೆ ಹಾಕುವುದಾ?"

ಏಣಿಯ ಮೇಲಿನಿಂದ ಎಲೆಕ್ಟ್ರಿಶಿಯನ್ ಅಬ್ದುಲ್ ಶುಕೂರ್ ಕೇಳಿದಾಗ ಶಿವಕೃಷ್ಣ ತಲೆಯೆತ್ತಲೂ ಇಲ್ಲ. ಅವನ ಕಣ್ಣೆಲ್ಲ ಕೈಯಲ್ಲಿದ್ದ ಅಳತೆಯ ಟೇಪಿನ ಮೇಲಿತ್ತು. ಪುತ್ತಿಗೆಯ ಈ ಮನೆಗೆ ಜಿಪ್ಸಂ ಸೀಲಿಂಗ್ ಮಾಡಿಸಿ, ಅದರೊಳಗೆ ಹುದುಗಿ ಕೂರುವ ಎಲ್‌ಇಡಿ ದೀಪ ಹಾಕಿಸುವುದೆಂದು ತೀರ್ಮಾನಿಸಿದ ದಿನದಿಂದ ಅವನು ಯೂಟ್ಯೂಬಿನಲ್ಲಿ ನೋಡದ ವಿಡಿಯೋ ಇಲ್ಲ. ಗೋಡೆಯಿಂದ ದೀಪಕ್ಕೆ ಎಷ್ಟು, ದೀಪದಿಂದ ದೀಪಕ್ಕೆ ಎಷ್ಟು ಎಂದು ಶುಕೂರನಿಗೇ ಪಾಠ ಮಾಡುವಷ್ಟು ಪಂಡಿತನಾಗಿದ್ದ. ಹಾಲಿನಲ್ಲಿ ಅವನ ಲೆಕ್ಕದಂತೆಯೇ ದೀಪಗಳು ಗೆರೆ ಎಳೆದ ಹಾಗೆ ಸಾಲಾಗಿ ಕೂತಿದ್ದವು. ಮಲಗುವ ಕೋಣೆಗೆ ಬಂದಾಗ ಮಾತ್ರ ಒಂದು ದೀಪದ ಜಾಗ ಸರಿಯಾಗಿ ಆ ಕೊಕ್ಕೆಯ ಕೆಳಗೇ ಬಿತ್ತು.

"ಫ್ಯಾನಿನ ಹುಕ್ಕು ನಡುವಿನಲ್ಲಿ ಬೇರೆ ಉಂಟು. ಇದು ಕಿಟಕಿ ಬದಿಯದ್ದು," ಎಂದ ಶುಕೂರ್. "ಬೇಕಾದರೆ ಒಂದು ರಾಡ್ ಕೊಟ್ಟು ಕೆಳಗೆ ಇಳಿಸುವ. ಲೈಟ್ ಸ್ವಲ್ಪ ಆಚೆ ಹೋಗ್ತದೆ, ಅಷ್ಟೇ."

"ಆಚೆ ಹೋದರೆ ಲೈನೇ ಹಾಳಾಗ್ತದೆ ಮಾರಾಯ್ರೇ. ಒಳಗೆ ಹಾಕಿ ಮುಚ್ಚಿಬಿಡಿ. ಅದು ಇನ್ನು ಎಂತಕ್ಕೆ?"

ಹೇಳಿದ ಮೇಲೆ ತಲೆಯೆತ್ತಿದ. ಬಾಗಿಲಲ್ಲಿ ಹೆಂಡತಿ ನವ್ಯಶ್ರೀ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

ಅದು ತೊಟ್ಟಿಲಿನ ಕೊಕ್ಕೆ. ಅವರ ಮದುವೆಯಾದ ವರ್ಷವೇ ಈ ಮನೆಯ ಸ್ಲ್ಯಾಬ್ ಹಾಕಿದ್ದು. ಕಿಟಕಿ ಬದಿಯಾದರೆ ಮಗುವಿಗೆ ಗಾಳಿ ಬರುತ್ತದೆ ಎಂದು ನವ್ಯಶ್ರೀಯೇ ಮೇಸ್ತ್ರಿಗೆ ಹೇಳಿ ಹಾಕಿಸಿದ್ದಳು. ಆಮೇಲೆ ಪೊಳಲಿಯ ದೇವಿಗೆ ಹರಕೆ ಹೊತ್ತದ್ದಾಯಿತು, ಮಂಗಳೂರಿನ ಡಾಕ್ಟರರಲ್ಲಿಗೆ ಅಲೆದದ್ದಾಯಿತು, ಹನ್ನೊಂದು ವರ್ಷವೂ ಆಯಿತು. ಮಳೆಗಾಲದಲ್ಲಿ ಒದ್ದೆ ಬಟ್ಟೆಗೆಂದು ಅವನು ಒಮ್ಮೆ ಆ ಕೊಕ್ಕೆಗೆ ಹಗ್ಗ ಕಟ್ಟಹೊರಟಾಗ ಅವಳು ಬಿಟ್ಟಿರಲಿಲ್ಲ. ಹೋದ ವರ್ಷದಿಂದ ಡಾಕ್ಟರರ ಬಳಿಗೆ ಹೋಗುವುದನ್ನು ಇಬ್ಬರೂ ಬಿಟ್ಟಿದ್ದರು. ಬಿಟ್ಟೆವು ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಈಗ ಅವನು ಹೇಳಿದ್ದ. ಅದೂ ಅವಳಿಗಲ್ಲ, ಏಣಿಯ ಮೇಲಿದ್ದ ಎಲೆಕ್ಟ್ರಿಶಿಯನ್ನನಿಗೆ. ಶಿವಕೃಷ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಇಬ್ಬರೂ ಸೇರಿ ಆಡದೆ ಉಳಿಸಿಕೊಂಡಿದ್ದ ಮಾತನ್ನು ಒಂದು ದೀಪದ ಸಾಲು ನೆಟ್ಟಗೆ ಬರಲೆಂದು ಆಡಿ ಮುಗಿಸಿದ ತನ್ನ ನಾಲಿಗೆಯ ಬಗ್ಗೆ ಅವನಿಗೆ ಹೇಸಿಗೆಯಾಯಿತು.

"ಓ, ತೊಟ್ಟಿಲಿನದ್ದಾ!" ಕಿಟಕಿಯನ್ನೂ ಕೊಕ್ಕೆಯನ್ನೂ ನೋಡಿ ಮೇಲಿದ್ದ ಶುಕೂರನಿಗೆ ಆಗಷ್ಟೇ ಹೊಳೆಯಿತು. "ಹಾಗಾದರೆ ಮುಚ್ಚುವುದು ಬೇಡ ಸರ್. ನಮ್ಮ ಮಗಳು ಸಬೀಹಾ ಮೊನ್ನೆ ಮೊನ್ನೆಯವರೆಗೆ ತೊಟ್ಟಿಲು ಬಿಟ್ಟು ಕೆಳಗೆ..." ಅಷ್ಟರಲ್ಲಿ ಅವನ ದೃಷ್ಟಿ ಇಬ್ಬರ ಮುಖದ ಮೇಲೂ ಬಿತ್ತು. ಉಳಿದದ್ದನ್ನು ನುಂಗಿಕೊಂಡು, ತಿರುಗಿಸಬೇಕಾಗಿಲ್ಲದ ಒಂದು ಸ್ಕ್ರೂವನ್ನು ತಿರುಗಿಸತೊಡಗಿದ.

"ಹೌದು ಶುಕೂರ್, ಮುಚ್ಚಬೇಡಿ. ಕೆಳಗೇ ಇಳಿಸಿ," ಎಂದ ಶಿವಕೃಷ್ಣ, ಬೇಕಾದ್ದಕ್ಕಿಂತ ದೊಡ್ಡ ಸ್ವರದಲ್ಲಿ. "ಲೈಟ್ ಎಲ್ಲಿಗೆ ಬೇಕಾದರೂ ಹೋಗಲಿ. ಲೈನ್ ಯಾರು ನೋಡ್ತಾರೆ!"

ನವ್ಯಶ್ರೀ ತಟ್ಟೆಯನ್ನು ಕಿಟಕಿಯ ದಂಡೆಯ ಮೇಲಿಟ್ಟು, ಒಂದು ಲೋಟವನ್ನು ಗಂಡನ ಕೈಗೆ ಕೊಟ್ಟಳು.

"ಬೇಡ ಶುಕೂರಣ್ಣ. ಇವರು ಮೊದಲು ಹೇಳಿದ ಹಾಗೆಯೇ ಮಾಡಿ."

"ನವ್ಯಾ, ನಾನು ಆ ಅರ್ಥದಲ್ಲಿ ಹೇಳಿದ್ದಲ್ಲ..."

"ಮತ್ತೆ ಯಾವ ಅರ್ಥದಲ್ಲಿ ಹೇಳಿದ್ದು?"

ಅವಳ ಸ್ವರದಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಬೇರೆ ಅರ್ಥವೊಂದಿದ್ದರೆ ಕೇಳಿಸಿಕೊಳ್ಳಬೇಕು ಎಂಬ ಹಾಗೆ ಅವನ ಮುಖವನ್ನೇ ನೋಡಿದಳು. ಅವನು ಚಹಾ ಬಿಸಿಯಿದೆ ಎಂಬುದನ್ನೂ ಮರೆತು ಗುಟುಕರಿಸಿ ನಾಲಿಗೆ ಸುಟ್ಟುಕೊಂಡ. ಸುಡಲಿ ಎಂದೇ ಅನ್ನಿಸಿತು.

ಮಾತು ಹೇಗಾದರೂ ಬೇರೆ ಕಡೆಗೆ ತಿರುಗಿದರೆ ಸಾಕೆಂದು ಶುಕೂರ್ ಏಣಿಯಿಳಿದು, ಮೂಲೆಯಲ್ಲಿದ್ದ ದೀಪದ ಪೆಟ್ಟಿಗೆಗಳನ್ನು ಬಿಚ್ಚಿದ.

"ಅಕ್ಕ, ಈ ಕೋಣೆಗೆ ನೀವು ಅಂಗಡಿಯಲ್ಲಿ ಆರಿಸಿದ್ದು ಹಳದಿ ಬೆಳಕಿನದ್ದು. ಬೆಳಕು ಕಡಿಮೆ ಮಾಡುವ ಸ್ವಿಚ್ಚೂ ಒಟ್ಟಿಗೆ ಉಂಟು. ರಾತ್ರಿ ಎದ್ದು ಲೈಟ್ ಹಾಕಿದರೆ ಮಲಗಿದವರಿಗೆ ಎಚ್ಚರ ಆಗಬಾರದು ಅಂತ ಹೇಳಿದ್ದಿರಲ್ಲ. ಅದನ್ನೇ ಹಾಕುವುದಲ್ಲವಾ?"

ಮೂವರೂ ಒಟ್ಟಿಗೆ ಹೋಗಿದ್ದ ಮೂಡುಬಿದಿರೆಯ ಅಂಗಡಿಯಲ್ಲಿ ಆ ಮಾತನ್ನು ಕೇಳಿ, ತನ್ನ ನಿದ್ದೆಯ ಮೇಲೆ ಹೆಂಡತಿಗೆ ಎಷ್ಟು ಕಾಳಜಿ ಎಂದು ಶಿವಕೃಷ್ಣ ಒಳಗೊಳಗೇ ಬೀಗಿದ್ದ. ಈಗ ಅವನು ಲೋಟದಿಂದ ತಲೆಯೆತ್ತಲಿಲ್ಲ.

"ಅದು ಬೇಡ. ಹಾಲಿಗೆ ಹಾಕಿದ ಬಿಳಿಯದ್ದೇ ಇಲ್ಲಿಗೂ ಹಾಕಿಬಿಡಿ," ಎಂದಳು ನವ್ಯಶ್ರೀ, ಶುಕೂರನ ಲೋಟವನ್ನು ದಂಡೆಯ ಮೇಲಿಟ್ಟು ಖಾಲಿ ತಟ್ಟೆಯನ್ನು ಎತ್ತಿಕೊಳ್ಳುತ್ತ. "ಇಲ್ಲಿ ಮಲಗುವವರು ಇಬ್ಬರೂ ದೊಡ್ಡವರೇ. ಎಚ್ಚರ ಆದರೆ ಆಗಲಿ."